ಐರ್ಲೆಂಡಿನ ಗುರುತಾದ ಶ್ಯಾಮ್‌ರಾಕ್ ಎಂಬ ಪುಟ್ಟ ಗಿಡಕ್ಕೆ ಎಲೆ ಮೂರೋ ನಾಲ್ಕೋ?

ಮೂರೇ. ನಾಲ್ಕೆಲೆಯದು ಅದೃಷ್ಟದ ಗುರುತು, ಶ್ಯಾಮ್‌ರಾಕ್ ಅಲ್ಲ. ಎರಡೂ ಕ್ಲೋವರ್ ಎಂಬ ಮೇವಿನ ಗಿಡದ್ದೇ ಆದ್ದರಿಂದ ಜನ ಬೆರೆಸಿಬಿಡುತ್ತಾರೆ.

ಐರ್ಲೆಂಡಿನಲ್ಲಿ ಕ್ರೈಸ್ತ ಧರ್ಮ ಸಾರಿದ ಸಂತ ಪ್ಯಾಟ್ರಿಕ್ ಮೂರೆಲೆ ತೋರಿಸಿ, ತಂದೆ, ಮಗ, ಪವಿತ್ರಾತ್ಮ ಮೂರೂ ಒಂದೇ ದೇವರೆಂದು ವಿವರಿಸಿದನೆಂಬುದು ಐತಿಹ್ಯ. ನಾಲ್ಕನೆಯ ಎಲೆ ಬಂದರೆ ಆ ಅರ್ಥವೇ ಕೆಟ್ಟಿತು. (ಪ್ಯಾಟ್ರಿಕ್ 5ನೇ ಶತಮಾನದವನು, ಈ ಕಥೆ ಬರಹದಲ್ಲಿ ಸಿಗುವುದು 18ನೇ ಶತಮಾನದಲ್ಲಿ. ಅವನೇ ಬರೆದದ್ದರಲ್ಲಿ ಇದರ ಸುಳಿವಿಲ್ಲ.) ಅವನ ಹಬ್ಬದ ದಿನವಾದ ಮಾರ್ಚ್ 17ರಂದು ಐರಿಷರು ಎದೆಗೆ ಸಿಕ್ಕಿಸಿಕೊಳ್ಳುವುದೂ ಮೂರೆಲೆಯನ್ನೇ. ಸರ್ಕಾರಿ ಲಾಂಛನವಂತೂ ಎಲೆಯೇ ಅಲ್ಲ, ಹಾರ್ಪ್ ವಾದ್ಯ.

ನಾಲ್ಕೆಲೆಗೆ ಬೆಲೆ ಬಂದದ್ದು ಅಪರೂಪದಿಂದ: ಸುಮಾರು 5,000 ಎಲೆಗಳಲ್ಲಿ ಒಂದು. ಈ ನಂಬಿಕೆ ಯುರೋಪಿನ ಬೇರೆ ಕಡೆಗಳಲ್ಲೂ ಉಂಟು, ಐರಿಷರ ಸ್ವತ್ತೇನಲ್ಲ.

ಕೊಳ್ಳುವವರು ಮೋಸಹೋಗುವುದು ಕುಂಡದ ‘ಲಕ್ಕಿ ಕ್ಲೋವರ್’ನಲ್ಲಿ. ಪ್ರತಿ ಕಡ್ಡಿಯಲ್ಲೂ ನಾಲ್ಕೆಲೆ ಇದ್ದರೆ ಅದು ಬಹುಪಾಲು ಮೆಕ್ಸಿಕೋ ಮೂಲದ ಆಕ್ಸಾಲಿಸ್ ಎಂಬ ಬೇರೆಯೇ ಗಿಡ. ಅದರ ಎಲೆ ತುದಿಯಲ್ಲಿ ಸೀಳಿದಂತಿದ್ದು, ಬುಡದ ಬಳಿ ನೇರಳೆ ಕಲೆ ಇರುತ್ತದೆ. ನಿಜವಾದ ಬಿಳಿ ಕ್ಲೋವರ್‌ನ ಎಲೆ ದುಂಡಗೆ, ಮೇಲೆ ಸಾಮಾನ್ಯವಾಗಿ ಬಿಳಿಚು ಪಟ್ಟೆ. ನಾಲ್ಕನೆಯ ಎಲೆ ಬಂದರೂ ಹಲವು ಸಲ ಉಳಿದವಕ್ಕಿಂತ ಚಿಕ್ಕದು.