ವಿಜಯಪುರದ ಪತ್ತಿನ ಸಂಘಕ್ಕೆ ಆಧಾರ್, ಪ್ಯಾನ್ ಕೊಟ್ಟಿದ್ದೇನೆ. ಅಲ್ಲಿಂದ ಮಾಹಿತಿ ಸೋರಿದರೆ ಕಾನೂನು ಏನು ಮಾಡುತ್ತದೆ?

ಮೊದಲು ಸಂಘದವರ ಮೇಲೆ ಗಡಿಯಾರ ಓಡಲು ಶುರುವಾಗುತ್ತದೆ. ಕಂಪ್ಯೂಟರಿಗೆ ಯಾರೋ ನುಗ್ಗಿದ್ದು ಗೊತ್ತಾದ 6 ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು. 2022ರ ಏಪ್ರಿಲ್‌ನ ಆದೇಶ ಇದು. 180 ದಿನದ ಲಾಗ್, ಅಂದರೆ ಕಂಪ್ಯೂಟರಿನಲ್ಲಿ ಏನೇನು ನಡೆಯಿತು ಎಂಬ ದಾಖಲೆ, ಕೂಡ ಇಟ್ಟಿರಬೇಕು. ಅದಿಲ್ಲದಿದ್ದರೆ ಕಳ್ಳ ಬಂದ ದಾರಿ ಹುಡುಕುವುದು ಹೇಗೆ?

ದೊಡ್ಡ ಕೋಲು ಅಂದರೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. ಭದ್ರತೆಯಲ್ಲಿ ಉದಾಸೀನ ಮಾಡಿದರೆ 250 ಕೋಟಿ ರೂಪಾಯಿವರೆಗೆ ದಂಡ. ಸೋರಿದ್ದನ್ನು ಮುಚ್ಚಿಟ್ಟರೆ 200 ಕೋಟಿವರೆಗೆ. ನಿಮಗೆ ತಡಮಾಡದೆ ಹೇಳಬೇಕು, ಡೇಟಾ ಸಂರಕ್ಷಣಾ ಮಂಡಳಿಗೆ 72 ಗಂಟೆಯೊಳಗೆ ಪೂರ್ತಿ ವಿವರ ಕೊಡಬೇಕು. ಆದರೆ ನಿಯಮ ಹೊರಬಂದದ್ದೇ 2025ರ ನವೆಂಬರ್‌ನಲ್ಲಿ. ಈ ಮುಖ್ಯ ಭಾಗಗಳಿಗೆ ಅದರಲ್ಲಿ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಇನ್ನೊಂದು, ದಂಡದ ದುಡ್ಡು ಸರ್ಕಾರದ ಖಜಾನೆಗೆ ಹೋಗುತ್ತದೆ, ನಿಮಗಲ್ಲ. ನನಗಂತೂ ಇದು ಸರಿ ಅನ್ನಿಸಿಲ್ಲ.

ಹೆಸರಲ್ಲೇ 'ಡಿಜಿಟಲ್' ಇದೆ, ಗಮನಿಸಿ. ಬರೀ ಕಾಗದದಲ್ಲೇ ಉಳಿದ ಮಾಹಿತಿ ಈ ಕಾಯ್ದೆಗೆ ಬರುವುದಿಲ್ಲ, ಸ್ಕ್ಯಾನ್ ಮಾಡಿದರೆ ಬರುತ್ತದೆ. ಒಮ್ಮೆ ನನಗೆ ಮಿರ್ಚಿ ಭಜಿ ಕಟ್ಟಿಕೊಟ್ಟದ್ದು ಯಾರದೋ ಆಧಾರ್ ಜೆರಾಕ್ಸ್‌ನಲ್ಲಿ. ಎಣ್ಣೆ ಮೆತ್ತಿದ್ದರೂ ನಂಬರ್ ಸ್ಪಷ್ಟವಾಗಿ ಓದುವಂತಿತ್ತು! ಹಾಗಾಗಿ ಜೆರಾಕ್ಸ್ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದು ಅಂತ ಅಡ್ಡಲಾಗಿ ಬರೆದೇ ಕೊಡಿ.

ಖಾತೆಯಿಂದ ದುಡ್ಡೇ ಹೋದರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ ಹೋಗಿ.