7,000 ಮೀಟರ್ ಶಿಖರಕ್ಕೆ ಗೈಡ್ ಜೊತೆ ಹೋಗಬೇಕು, ಎಲ್ಲಿಂದ ಶುರು ಮಾಡಲಿ?

ನೀವು ಕೇಳಿರೋದು ಇಷ್ಟು: ಬೆಂಗಳೂರಿನಲ್ಲಿ ಕೆಲಸ, ವಯಸ್ಸು ಮೂವತ್ತು ದಾಟಿದೆ, ಕುಮಾರ ಪರ್ವತ ಮತ್ತು ಕೇದಾರಕಾಂತ ಮುಗಿಸಿದ್ದೀರಿ. ಮುಂದಿನ ವರ್ಷ ಯಾವುದಾದರೂ ಕಂಪನಿ ಜೊತೆ ಲಡಾಖಿನ ನುನ್ ಶಿಖರ, ಆಮೇಲೆ ಎವರೆಸ್ಟ್. ತಂಗಿಯೂ ಬರುತ್ತೇನೆ ಅಂತಿದ್ದಾಳೆ. ಯಾವ ಕಂಪನಿ ಒಳ್ಳೆಯದು, ಏನೇನು ತಯಾರಿ ಬೇಕು, ಹೆಂಗಸರಿಗೆ ಕಷ್ಟ ಆಗುತ್ತಾ?

ಕೊನೆಯದಕ್ಕೆ ಮೊದಲು ಉತ್ತರ. 1953ರಲ್ಲಿ ನುನ್ ತುದಿಯನ್ನು ಮೊದಲ ಸಲ ಮುಟ್ಟಿದ್ದು ಇಬ್ಬರು, ಅವರಲ್ಲಿ ಒಬ್ಬರು ಕ್ಲೋಡ್ ಕೋಗಾನ್ ಅನ್ನುವ ಫ್ರೆಂಚ್ ಮಹಿಳೆ. ತಂಗಿಯ ಚಿಂತೆ ಬಿಡಿ, ನಿಮ್ಮದು ನೋಡಿಕೊಳ್ಳಿ.

ಮುಂದಿನ ವರ್ಷ ನುನ್ ಬೇಡ. ಬೇಜಾರು ಮಾಡ್ಕೋಬೇಡಿ, ಲೆಕ್ಕ ನೋಡಿ. ಕೇದಾರಕಾಂತ ಸುಮಾರು 3,800 ಮೀಟರ್. ನುನ್ 7,135. ನುನ್‌ನ ಬೇಸ್ ಕ್ಯಾಂಪೇ ಸುಮಾರು 4,600 ಮೀಟರ್‌ನಲ್ಲಿದೆ. ಅಂದರೆ ನೀವು ಇದುವರೆಗೆ ಕಾಲಿಟ್ಟ ಎಲ್ಲ ಜಾಗಕ್ಕಿಂತ ಮೇಲೆ ಟೆಂಟ್ ಹಾಕಿ, ಮಲಗಿ ಎದ್ದ ಮೇಲೆ, ಹತ್ತೋದು ಈಗ ಶುರು ಅನ್ನುತ್ತಾರೆ. 5,500 ಮೀಟರ್ ಹತ್ತಿರ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತೆ, ನೀವು ಅದಕ್ಕಿಂತಲೂ ಒಂದೂವರೆ ಸಾವಿರ ಮೀಟರ್ ಮೇಲೆ ಹೋಗಬೇಕು. ಅಲ್ಲಿ ನಿಮ್ಮ ದೇಹ ಹೇಗೆ ನಡೆದುಕೊಳ್ಳುತ್ತೆ ಅಂತ ನಿಮಗೂ ಗೊತ್ತಿಲ್ಲ, ಕಂಪನಿಗೂ ಗೊತ್ತಿಲ್ಲ. ಮ್ಯಾರಥಾನ್ ಓಡುವವರು 5,000ಕ್ಕೇ ತಲೆ ಹಿಡಿದುಕೊಂಡು ಕೂತಿದ್ದನ್ನು ನೋಡಿದ್ದೇನೆ. ಅದೇ ಟೆಂಟಿನಲ್ಲಿ ಹೊಟ್ಟೆ ಬಂದ ಬ್ಯಾಂಕ್ ಮ್ಯಾನೇಜರೊಬ್ಬರು ಎರಡನೇ ಪ್ಲೇಟ್ ಊಟ ಕೇಳುತ್ತಿದ್ದರು. ಫಿಟ್‌ನೆಸ್ ಬೇರೆ, ಎತ್ತರಕ್ಕೆ ಒಗ್ಗೋದು ಬೇರೆ.

ಹಾಗಾಗಿ ಮೊದಲು ಬೇಸಿಕ್ ಮೌಂಟೇನೀರಿಂಗ್ ಕೋರ್ಸ್ ಮಾಡಿ. ಉತ್ತರಕಾಶಿಯ ನೆಹರು ಮೌಂಟೇನೀರಿಂಗ್ ಇನ್‌ಸ್ಟಿಟ್ಯೂಟ್, ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟೇನೀರಿಂಗ್ ಇನ್‌ಸ್ಟಿಟ್ಯೂಟ್, ಮನಾಲಿಯ ಸಂಸ್ಥೆ, ಪಹಲ್ಗಾಮ್‌ನದು, ಎಲ್ಲವೂ ಸರ್ಕಾರಿ. ಸುಮಾರು ನಾಲ್ಕು ವಾರ. ಖಾಸಗಿ ಕಂಪನಿಗಳು ಕೇಳುವುದಕ್ಕೆ ಹೋಲಿಸಿದರೆ ಫೀಸು ಏನೇನೂ ಅಲ್ಲ, ಅದಕ್ಕೇ ಸೀಟು ಬೇಗ ತುಂಬಿಹೋಗುತ್ತೆ, ವೆಬ್‌ಸೈಟ್ ಮೇಲೆ ಈಗಿಂದಲೇ ಕಣ್ಣಿಡಿ. ವಯಸ್ಸಿನ ಮಿತಿ ಇದೆ, ಅದನ್ನೂ ಮೊದಲೇ ನೋಡಿಕೊಳ್ಳಿ. ನಾಲ್ಕು ವಾರ ರಜೆ ಯಾರು ಕೊಡ್ತಾರೆ ಅಂತ ಕೇಳಬೇಡಿ, ನುನ್‌ಗೇ ಮೂರು ವಾರ ಬೇಕು, ರಜೆಯ ಜಗಳ ಹೇಗೂ ಆಡಲೇಬೇಕು. ಎ ಗ್ರೇಡ್ ಬಂದರೆ ಅಡ್ವಾನ್ಸ್ಡ್ ಕೋರ್ಸ್‌ಗೆ ದಾರಿ ಆಗುತ್ತೆ. ಕೋರ್ಸ್ ಅಂದರೆ ಅಪಾಯವೇ ಇಲ್ಲ ಅಂತಲೂ ಅಂದುಕೊಳ್ಳಬೇಡಿ. 2022ರ ಅಕ್ಟೋಬರ್‌ನಲ್ಲಿ ಉತ್ತರಾಖಂಡದ ದ್ರೌಪದಿ ಕಾ ದಂಡಾ-2 ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿದ್ದು ಅಡ್ವಾನ್ಸ್ಡ್ ಕೋರ್ಸಿನ ತಂಡವೇ. ತೀರಿಕೊಂಡವರಲ್ಲಿ ಕರ್ನಾಟಕದವರೂ ಇದ್ದರು.

ಕೋರ್ಸ್ ಆದಮೇಲೆ ಒಂದು 6,000 ಮೀಟರ್ ಶಿಖರ. ಲಡಾಖಿನ ಮರ್ಖಾ ಕಣಿವೆಯ ಕಾಂಗ್ ಯಾತ್ಸೆ-2 (6,250 ಮೀಟರ್) ಒಳ್ಳೆಯದು. ಹಳೆಯ ಬ್ಲಾಗುಗಳಲ್ಲಿ ಎಲ್ಲರೂ ಸ್ಟೋಕ್ ಕಾಂಗ್ರಿ ಅಂತ ಬರೆದಿರುತ್ತಾರೆ, ಆದರೆ ಅದನ್ನು 2020ರಲ್ಲಿ ಮುಚ್ಚಿದರು. 6,000ದಲ್ಲಿ ರಾತ್ರಿ ಎದ್ದು, ಹೆಡ್‌ಲ್ಯಾಂಪ್ ಹಾಕಿಕೊಂಡು, ಬೂಟಿಗೆ ಕ್ರಾಂಪಾನ್ (ಹಿಮದಲ್ಲಿ ಜಾರದ ಹಾಗೆ ಕಚ್ಚುವ ಮುಳ್ಳಿನ ಪಟ್ಟಿ) ಕಟ್ಟಿ ಆರೇಳು ಗಂಟೆ ಹತ್ತಿ, ಮತ್ತೆ ಅಷ್ಟೇ ಎಚ್ಚರದಲ್ಲಿ ಇಳಿದು ಬಂದಮೇಲೂ ನುನ್ ಬೇಕು ಅನ್ನಿಸಿದರೆ ಆಗ ಕಂಪನಿ ಹುಡುಕಿ.

ಕಂಪನಿ ಹೆಸರು ಹೇಳಲ್ಲ. ಒಂದೇ ಕಂಪನಿಯಲ್ಲಿ ಈ ವರ್ಷ ಒಬ್ಬ ಲೀಡರ್, ಮುಂದಿನ ವರ್ಷ ಇನ್ನೊಬ್ಬ. ನಿಮ್ಮ ಜೊತೆ ಬರೋದು ಮನುಷ್ಯ, ಲೋಗೋ ಅಲ್ಲ. ಆದರೆ ಫೋನ್ ಮಾಡಿದಾಗ ಒಂದು ಪ್ರಶ್ನೆ ಕೇಳಿ, ಅದರಲ್ಲೇ ಅರ್ಧ ವಿಷಯ ಗೊತ್ತಾಗಿಬಿಡುತ್ತೆ: "ಬೇಸ್‌ಗಿಂತ ಮೇಲಿನ ಎರಡನೇ ಕ್ಯಾಂಪ್‌ನಲ್ಲಿ ಒಬ್ಬರಿಗೆ ಹುಷಾರು ತಪ್ಪಿತು, ರಾತ್ರಿಯೇ ಇಳಿಸಬೇಕು. ಅವರ ಜೊತೆ ಯಾರು ಇಳಿಯುತ್ತಾರೆ? ಮೇಲೆ ಉಳಿದವರನ್ನು ಯಾರು ನೋಡಿಕೊಳ್ಳುತ್ತಾರೆ?"

ಚೆನ್ನಾಗಿ ನಡೆಸುವವರು ತಡವರಿಸದೆ ಹೇಳುತ್ತಾರೆ. ಇಂಥವರು ಲೀಡರ್, ಇಂಥವರು ಅಸಿಸ್ಟೆಂಟ್, ಇಷ್ಟು ಜನ ಶೆರ್ಪಾಗಳು, ಅಸಿಸ್ಟೆಂಟ್ ಮತ್ತು ಒಬ್ಬ ಶೆರ್ಪಾ ಇಳಿಯುತ್ತಾರೆ, ಬೇಸ್‌ನಲ್ಲಿ ಆಕ್ಸಿಜನ್ ಸಿಲಿಂಡರ್ ಇದೆ, ರಸ್ತೆವರೆಗೆ ಹೊತ್ತು ತರಲು ಇಷ್ಟು ಜನ ಬೇಕು, ಕಾರ್ಗಿಲ್ ಆಸ್ಪತ್ರೆಗೆ ಗಾಡಿ ಹೀಗೆ. ಉಳಿದವರು "ಸಾರ್, ನಮ್ಮಲ್ಲಿ ಹಾಗೆ ಆಗೋದೇ ಇಲ್ಲ, ನಮ್ಮ ಸಕ್ಸೆಸ್ ರೇಟ್ ನೋಡಿ" ಅನ್ನುತ್ತಾರೆ. ಫೋನ್ ಇಟ್ಟುಬಿಡಿ. ಒಬ್ಬನೇ ಗೈಡ್ ಇರುವ ತಂಡದಲ್ಲಿ ಒಬ್ಬರು ಇಳಿಯಬೇಕಾದರೆ ಎಲ್ಲರೂ ಇಳಿಯಬೇಕು, ಇಲ್ಲವೇ ಹುಷಾರಿಲ್ಲದವರು ಒಬ್ಬರೇ ಇಳಿಯಬೇಕು. ಎರಡನೆಯದು ನಡೆಯುತ್ತೆ, ಕಣ್ಣಾರೆ ಕಂಡಿದ್ದೇನೆ, ಬೇರೆ ತಂಡದ ಹುಡುಗನೊಬ್ಬ ತೂರಾಡಿಕೊಂಡು ಒಬ್ಬನೇ ಬರುತ್ತಿದ್ದ, ನಮ್ಮ ಅಡುಗೆಯವರು ಓಡಿಹೋಗಿ ಹಿಡಿದುಕೊಂಡು ಬಂದರು. ಆ ಎತ್ತರದಲ್ಲಿ ಕುಡಿದವರ ಹಾಗೆ ತೂರಾಡಿದರೆ ಮಿದುಳಿಗೆ ನೀರು ತುಂಬುತ್ತಿದೆ ಅಂತ ಅರ್ಥ, ತಕ್ಷಣ ಇಳಿಸಬೇಕು, ಬೆಳಗಾಗಲಿ ನೋಡೋಣ ಅನ್ನುವ ಹಾಗಿಲ್ಲ. ಕೂತಲ್ಲೇ ಏದುಸಿರು, ಕೆಮ್ಮು, ಎದೆಯಲ್ಲಿ ಗೊರಗೊರ ಶಬ್ದ ಬಂದರೆ ಶ್ವಾಸಕೋಶದ್ದು, ಅದಕ್ಕೂ ಇದೇ ಮಾತು.

ಇನ್ನೆರಡು ಕೇಳಿ. ಹವಾಮಾನ ಕೈಕೊಟ್ಟರೆ ಅಂತ ಎಷ್ಟು ದಿನ ಹೆಚ್ಚುವರಿ ಇಟ್ಟಿದ್ದಾರೆ? ಒಂದೂ ಇಲ್ಲದಿದ್ದರೆ, ಮೋಡ ಕವಿದ ದಿನವೂ ಮೇಲಕ್ಕೆ ಹೊರಡೋಣ ಅನ್ನುವ ಒತ್ತಡ ಲೀಡರ್ ಮೇಲೆ ಬೀಳುತ್ತೆ. ಆಮೇಲೆ, ಶೆರ್ಪಾಗಳಿಗೂ ಪೋರ್ಟರ್‌ಗಳಿಗೂ ವಿಮೆ ಇದೆಯಾ, ಅವರ ಬೂಟು ಜಾಕೆಟ್ಟು ಯಾರು ಕೊಡುತ್ತಾರೆ? ನಿಮ್ಮ ಹಗ್ಗ ಕಟ್ಟುವವರು ಅವರು. ಅವರ ಸಂಬಳದಲ್ಲಿ ಉಳಿಸಿ ನಿಮಗೆ ಡಿಸ್ಕೌಂಟ್ ಕೊಡುವ ಕಂಪನಿ ಹಗ್ಗದಲ್ಲೂ ಉಳಿಸುತ್ತೆ. ಶಿಖರದ ಅನುಮತಿ ದೆಹಲಿಯ ಇಂಡಿಯನ್ ಮೌಂಟೇನೀರಿಂಗ್ ಫೌಂಡೇಶನ್‌ನಿಂದ ಬರುತ್ತೆ, ಅದನ್ನು ಕಂಪನಿಯೇ ಮಾಡಿಸುತ್ತೆ. ಆ ಪತ್ರದಲ್ಲಿ ನಿಮ್ಮ ಹೆಸರಿದೆಯಾ ಅಂತ ಸುಮ್ನೆ ಒಂದು ಸಲ ನೋಡಿಬಿಡಿ.

ದಾರಿ ಹೀಗೆ. ವಿಮಾನದಲ್ಲಿ ಲೇಹ್, ಅಲ್ಲಿಂದ ರಸ್ತೆಯಲ್ಲಿ ಕಾರ್ಗಿಲ್, ಸಂಕೂ, ಪನಿಖಾರ್, ಸುರು ಕಣಿವೆಯ ತಂಗೋಲ್. ಲೇಹ್ ಸುಮಾರು 3,500 ಮೀಟರ್. ಬೆಂಗಳೂರಿನ 900ರಿಂದ ಒಂದೇ ಬೆಳಗ್ಗೆ ಅಲ್ಲಿಗೆ ಹೋಗಿ ಬಿದ್ದಿರುತ್ತೀರಿ, ಹಾಗಾಗಿ ಎರಡು ದಿನ ಏನೂ ಮಾಡಬೇಡಿ. ಶಾಂತಿ ಸ್ತೂಪದ ಮೆಟ್ಟಿಲನ್ನೂ ಮೊದಲ ದಿನ ಹತ್ತಬೇಡಿ. ಕಾರ್ಗಿಲ್ ಲೇಹ್‌ಗಿಂತ ತಗ್ಗಿನಲ್ಲಿದೆ, 2,700ರ ಆಸುಪಾಸು, ಅಲ್ಲಿ ಒಳ್ಳೆ ನಿದ್ದೆ ಬರುತ್ತೆ. ಕೆಲವರು ಶ್ರೀನಗರದಿಂದ ಜೋಜಿಲಾ ದಾಟಿ ಬರುತ್ತಾರೆ, ಅದೂ ಸರಿಯೇ. ಹೋಗುವ ಕಾಲ ಜುಲೈನಿಂದ ಸೆಪ್ಟೆಂಬರ್ ಮೊದಲ ವಾರಗಳವರೆಗೆ. ನಮ್ಮಲ್ಲಿ ಜೋರು ಮಳೆ ಸುರಿಯುವಾಗಲೂ ಆ ಕಡೆ ಮಳೆ ಕಮ್ಮಿ, ಮೋಡ ತಡೆಯುವ ಬೆಟ್ಟಸಾಲಿನ ಆಚೆ ಬದಿ ಅದು.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ಕಂಪನಿ ಕಳಿಸುವ ದಿನಚರಿ ತೆಗೆದುಕೊಂಡು ಪೆನ್ಸಿಲ್‌ನಲ್ಲಿ ಪ್ರತಿ ರಾತ್ರಿಯ ಎತ್ತರ ಬರೆಯಿರಿ. ಅಂಕಿ ದಡಬಡ ಏರುತ್ತಿದ್ದರೆ ಕಾರಣ ಕೇಳಿ. ಬೇಸ್‌ನಿಂದ ಮೇಲಿನ ಕ್ಯಾಂಪ್‌ಗೆ ಒಂದು ದಿನ ಸಾಮಾನು ಹೊತ್ತು ಹೋಗಿ ಇಟ್ಟು, ವಾಪಸ್ ಬಂದು ಕೆಳಗೆ ಮಲಗಿ, ಆಮೇಲೆ ಮೇಲೆ ಹೋಗಿ ಮಲಗಬೇಕು. ಇದನ್ನು ಬಿಟ್ಟು ನೇರ ಮೇಲಕ್ಕೆ ಕರೆದುಕೊಂಡು ಹೋಗುವ ಪ್ಲಾನ್ ಬೇಡ. ಡಯಾಮಾಕ್ಸ್ ಮಾತ್ರೆ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ, ಸಲ್ಫಾ ಔಷಧಿ ಆಗದವರು ಮೊದಲೇ ಹೇಳಬೇಕು. ಅದು ಒಗ್ಗಿಕೊಳ್ಳಲು ಸಹಾಯ ಮಾಡುತ್ತೆ ಅಷ್ಟೇ, ಆತುರದ ಪ್ಲಾನಿಗೆ ಪರಿಹಾರ ಅಲ್ಲ. ಬೆರಳು ಜುಮ್ಮೆನ್ನುತ್ತೆ, ಪದೇ ಪದೇ ಮೂತ್ರ ಬರುತ್ತೆ. ಮೈನಸ್ ಹದಿನೈದರಲ್ಲಿ ಟೆಂಟಿನಿಂದ ಹೊರಗೆ ಹೋಗೋಕೆ ಆಗಲ್ಲ, ಅಗಲ ಬಾಯಿಯ ಬಾಟಲಿ ಒಂದು ಇಟ್ಟುಕೊಳ್ಳಿ. ಕುಡಿಯುವ ಬಾಟಲಿಗಿಂತ ಬೇರೆ ಆಕಾರದ್ದಾಗಿರಲಿ, ಕತ್ತಲಲ್ಲಿ ಕೈಗೆ ಗೊತ್ತಾಗಬೇಕು!

ತಯಾರಿಗೆ ಜಿಮ್‌ಗಿಂತ ಕುಮಾರ ಪರ್ವತ ಒಳ್ಳೆಯದು. ಕುಕ್ಕೆಯಿಂದ ಹೊರಟರೆ ಒಂದೇ ಏರಿನಲ್ಲಿ ಒಂದೂವರೆ ಸಾವಿರ ಮೀಟರ್ ಎತ್ತರ ಸಿಗುತ್ತೆ, ದಕ್ಷಿಣದಲ್ಲಿ ಇಷ್ಟು ಎಲ್ಲಿ ಸಿಗುತ್ತೆ ಹೇಳಿ. ತೂಕದ ಬ್ಯಾಗ್ ಹೊತ್ತು ಹೋಗಿ. ವಾರದ ದಿನಗಳಲ್ಲಿ ಅಪಾರ್ಟ್‌ಮೆಂಟ್ ಮೆಟ್ಟಿಲು ಸಾಕು. ಬ್ಯಾಗ್‌ನಲ್ಲಿ ನೀರಿನ ಬಾಟಲಿ ತುಂಬಿಕೊಂಡು ಹತ್ತಿ, ಟೆರೇಸ್‌ನಲ್ಲಿ ಗಿಡಗಳಿಗೆ ಸುರಿದು, ಖಾಲಿ ಬ್ಯಾಗ್‌ನಲ್ಲಿ ಇಳಿಯಿರಿ, ಮಂಡಿ ಉಳಿಯುತ್ತೆ. ವಾಚ್‌ಮ್ಯಾನ್ ನಿಮ್ಮನ್ನು ಒಂದು ಥರಾ ನೋಡುತ್ತಾರೆ, ನೋಡಲಿ.

ಇದಕ್ಕಿಂತ ಮುಖ್ಯವಾದದ್ದು ಕೈಯ ಅಭ್ಯಾಸ. ಕಡಿದಾದ ಕಡೆ ಹಗ್ಗ ಕಟ್ಟಿರುತ್ತಾರೆ, ನೀವು ಅದಕ್ಕೆ ಜುಮಾರ್ (ಹಗ್ಗದ ಮೇಲೆ ಮೇಲಕ್ಕೆ ಮಾತ್ರ ಸರಿಯುವ, ಕೆಳಕ್ಕೆ ಜಾರದ ಹಿಡಿ) ಹಾಕಿ ಹತ್ತುತ್ತೀರಿ. ಸ್ವಲ್ಪ ದೂರಕ್ಕೊಂದು ಕಡೆ ಹಗ್ಗವನ್ನು ಹಿಮಕ್ಕೆ ಬಿಗಿದು ಗಂಟು ಹಾಕಿರುತ್ತಾರೆ, ಜುಮಾರ್ ಆ ಗಂಟು ದಾಟಲ್ಲ. ಆಗ ಮೊದಲು ನಿಮ್ಮ ಸೊಂಟದ ಪಟ್ಟಿಗೆ ಕಟ್ಟಿರುವ ಇನ್ನೊಂದು ದಾರದ ಕ್ಯಾರಬಿನರನ್ನು (ಲಾಕ್ ಇರುವ ಲೋಹದ ಕೊಂಡಿ) ಗಂಟಿನ ಆಚೆಯ ಹಗ್ಗಕ್ಕೆ ಹಾಕಬೇಕು, ಲಾಕ್ ತಿರುಗಿಸಬೇಕು, ಎಳೆದು ನೋಡಬೇಕು, ಆಮೇಲೆ ಜುಮಾರ್ ಬಿಚ್ಚಿ ಆಚೆ ಹಾಕಬೇಕು. ಯಾವ ಕ್ಷಣದಲ್ಲೂ ಎರಡೂ ಬಿಚ್ಚಿರಬಾರದು. ಮನೆಯಲ್ಲಿ ಇದು ಹತ್ತು ಸೆಕೆಂಡಿನ ಕೆಲಸ. ಮೇಲೆ ಎರಡು ಪದರದ ದಪ್ಪ ಗ್ಲೌಸ್, ಲಾಕ್ ಮೇಲೆ ಹಿಮ, ಉಸಿರಿಗೆ ಕನ್ನಡಕ ಮಂಜಾಗಿರುತ್ತೆ, ಹಿಂದೆ ನಿಂತವರು ಬೇಗ ಬೇಗ ಅನ್ನುತ್ತಿರುತ್ತಾರೆ. ಗ್ಲೌಸ್ ಬಿಚ್ಚೋಣ ಅನ್ನಿಸುತ್ತೆ, ಬೆರಳು ಹೋಗೋದು ಹೀಗೇ. ಕಿಟಕಿ ಗ್ರಿಲ್‌ಗೆ ಹಗ್ಗ ಕಟ್ಟಿ, ಮಧ್ಯದಲ್ಲಿ ಗಂಟು ಹಾಕಿ, ಗ್ಲೌಸ್ ಹಾಕಿಕೊಂಡು, ಲೈಟ್ ಆರಿಸಿ, ಟಿವಿ ನೋಡುವ ಬದಲು ಇದನ್ನು ಮಾಡಿ. ಕೈ ತಾನಾಗಿ ಮಾಡುವ ತನಕ ಮಾಡಿ.

ಬೂಟು ಡಬಲ್ ಬೂಟೇ (ಒಳಗೊಂದು ಬೆಚ್ಚನೆಯ ಬೂಟು, ಹೊರಗೊಂದು ಗಟ್ಟಿ ಬೂಟು) ಬೇಕು, ಬಾಡಿಗೆಗೆ ಸಿಗುತ್ತೆ, ಆದರೆ ದಪ್ಪ ಸಾಕ್ಸ್ ಹಾಕಿ ಲೇಹ್‌ನಲ್ಲೇ ಒಂದು ಗಂಟೆ ನಡೆದು ನೋಡಿ ತೆಗೆದುಕೊಳ್ಳಿ. ಉಳಿದ ಸಾಮಾನಿನ ಪಟ್ಟಿ ಕಂಪನಿ ಕಳಿಸುತ್ತೆ.

ಊಟದ ಬಗ್ಗೆ ಯಾರೂ ಗಂಭೀರವಾಗಿ ಯೋಚಿಸಲ್ಲ. ಬೇಸ್‌ನಲ್ಲಿ ನೀರು 85 ಡಿಗ್ರಿ ಹತ್ತಿರವೇ ಕುದಿಯುತ್ತೆ, ಕುಕ್ಕರ್ ಇಲ್ಲದೆ ಅನ್ನ ಬೇಯಲ್ಲ. ಬೇಸ್‌ನಲ್ಲಿ ಅಡುಗೆಯವರು ಚೆನ್ನಾಗೇ ಮಾಡಿ ಹಾಕುತ್ತಾರೆ, ಮೇಲಿನ ಕ್ಯಾಂಪ್‌ಗಳಲ್ಲಿ ಹಿಮ ಕರಗಿಸಿ ನೂಡಲ್ಸ್, ಸೂಪು ಅಷ್ಟೇ. ಅಲ್ಲಿ ಹಸಿವೇ ಸತ್ತುಹೋಗಿರುತ್ತೆ, ಚಾಕೊಲೇಟ್ ನೋಡಿದರೆ ವಾಕರಿಕೆ. ಹಾಗಾಗಿ ನಾಲಿಗೆಗೆ ಹಿಡಿಸೋದನ್ನು ಮನೆಯಿಂದ ತನ್ನಿ. ನಾನು ಗೊಜ್ಜವಲಕ್ಕಿಯ ಪುಡಿ ಕಲಸಿ ಸಣ್ಣ ಸಣ್ಣ ಪೊಟ್ಟಣ ಮಾಡಿಕೊಂಡು ಹೋಗಿದ್ದೆ, ಬಿಸಿನೀರು ಹಾಕಿದರೆ ಆಯಿತು. ಹುಣಸೆಹುಳಿಯ ವಾಸನೆಗೆ ಪಕ್ಕದ ಟೆಂಟಿನ ಶೆರ್ಪಾ ಕೂಡ ಬಂದು ಕೂತರು, ಅವರಿಗೆ ಅದು ಎಷ್ಟು ಹಿಡಿಸಿತು ಅಂದರೆ ಕೊನೆಯ ಪೊಟ್ಟಣ ಅವರದ್ದೇ ಆಯಿತು.

ದುಡ್ಡು. ನುನ್‌ಗೆ ಕಂಪನಿ ಫೀಸ್ ಲಕ್ಷಗಳಲ್ಲಿದೆ, ವರ್ಷ ವರ್ಷ ಬದಲಾಗುತ್ತೆ, ಮೂರು ಕಡೆ ಕೇಳಿ ಹೋಲಿಸಿ. ತೀರಾ ಕಮ್ಮಿ ಹೇಳಿದವರ ಹತ್ತಿರ ಗೈಡ್ ಎಷ್ಟು ಜನ ಅಂತ ಮತ್ತೆ ಕೇಳಿ. ಫೀಸಿನಲ್ಲಿ ಸೇರದ್ದು ಬಹಳ ಇರುತ್ತೆ: ವಿಮಾನ, ಬೂಟು, ಟಿಪ್ಸ್, ಲೇಹ್‌ನ ಹೋಟೆಲ್. ವಿಮೆ ತೆಗೆದುಕೊಳ್ಳುವಾಗ ಪಾಲಿಸಿ ಪೂರ್ತಿ ಓದಿ. ಸಾಮಾನ್ಯ ಟ್ರಾವೆಲ್ ಪಾಲಿಸಿಗಳು ಒಂದು ಎತ್ತರದ ಮೇಲೆ, ಅಥವಾ ಹಗ್ಗ ಬಳಸಿ ಹತ್ತುವುದಕ್ಕೆ, ಒಂದು ಪೈಸೆಯೂ ಕೊಡಲ್ಲ, ಇದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ನೇಪಾಳದಲ್ಲಿ ಫೋನ್ ಮಾಡಿದರೆ ಖಾಸಗಿ ಹೆಲಿಕಾಪ್ಟರ್ ಬರುತ್ತಲ್ಲ, ಲಡಾಖಿನಲ್ಲಿ ಹಾಗೆ ನೆಚ್ಚಿಕೊಳ್ಳೋಕೆ ಆಗಲ್ಲ. ಸೇನೆ, ವಾಯುಪಡೆ ಬರಬೇಕು, ಅದಕ್ಕೆ ಅನುಮತಿ ಬೇಕು, ಮೋಡ ಇದ್ದರೆ ಅದೂ ಇಲ್ಲ. ಅದಕ್ಕೇ ಆ ಮೊದಲಿನ ಪ್ರಶ್ನೆಯನ್ನು ಅಷ್ಟು ಒತ್ತಿ ಹೇಳಿದ್ದು.

ಎವರೆಸ್ಟ್ ವಿಷಯ ನುನ್ ಆದಮೇಲೆ ಮಾತಾಡೋಣ. ಸದ್ಯಕ್ಕೆ ಇಷ್ಟು ತಿಳಿದಿರಲಿ, ನೇಪಾಳ ಸರ್ಕಾರ 2025ರಲ್ಲಿ ವಸಂತಕಾಲದ ಪರ್ಮಿಟ್ ಶುಲ್ಕವನ್ನು 11,000 ಡಾಲರ್‌ನಿಂದ 15,000ಕ್ಕೆ ಏರಿಸಿತು. ಅದು ಬರೀ ಪರ್ಮಿಟ್. ಕಂಪನಿ, ಶೆರ್ಪಾ, ಆಕ್ಸಿಜನ್ ಎಲ್ಲ ಆಮೇಲೆ.

ಇನ್ನೊಂದು. ಲಡಾಖಿನಲ್ಲಿ ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ನಡೆಯಲ್ಲ, ಹೊರಡುವ ಮುಂಚೆ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಅದೂ ತಂಗೋಲ್ ದಾಟಿದ ಮೇಲೆ ನೆಚ್ಚಿಕೊಳ್ಳಬೇಡಿ. ಇಷ್ಟು ದಿನ ಫೋನ್ ಬರಲ್ಲ ಅಂತ ಮನೆಯಲ್ಲಿ ಮೊದಲೇ ಹೇಳಿ, ಕಂಪನಿ ಆಫೀಸಿನ ನಂಬರ್ ಬರೆದು ಫ್ರಿಡ್ಜ್ ಮೇಲೆ ಅಂಟಿಸಿ ಹೋಗಿ. ಅಣ್ಣ ತಂಗಿ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೀರಿ, ಅಮ್ಮನಿಗೆ ಆ ನಂಬರ್ ಬೇಕೇ ಬೇಕು.