ಓದಿದ್ದು ಕನ್ನಡದಲ್ಲಿ, ಹೇಳಿದ್ದು ತುಳುವಿನಲ್ಲಿ

"ಕೇರಳದಲ್ಲಿ ಬೆಳೆದವರಿಗೆ ಕನ್ನಡ ಪುಸ್ತಕ ಎಲ್ಲಿ ಸಿಗ್ತಿತ್ತು?" ಅಂತ ಕೇಳಿದ್ದೀರಿ. ಬೆಂಗಳೂರು, ಮೈಸೂರು ಕಡೆಯವರು ಇದನ್ನು ಕೇಳುತ್ತಲೇ ಇರುತ್ತಾರೆ. ದನಿಯಲ್ಲಿ ಸ್ವಲ್ಪ ಕನಿಕರವೂ ಇರುತ್ತದೆ. ಕನ್ನಡ ಪುಸ್ತಕ ಕಡಿಮೆ ಇತ್ತು, ನಿಜ. ಆದರೆ ಲೈಬ್ರರಿ ಮಾತ್ರ ಹತ್ತಿರದಲ್ಲೇ ಇತ್ತು.

ನಮ್ಮದು ಕಾಸರಗೋಡು ಜಿಲ್ಲೆ, ಬದಿಯಡ್ಕದ ಕಡೆ. 1956ರ ನವೆಂಬರ್ 1ಕ್ಕೆ ಮೊದಲು ಇದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಊರು. ಆ ದಿನ ಕೇರಳದ ಪಾಲಾಯಿತು. ನಮ್ಮ ಹಿರಿಯರಿಗೆ ಆ ನೋವು ಇಂದಿಗೂ ಇದೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿ, ನೂರು ದಾಟಿ, 2015ರಲ್ಲಿ ತೀರಿಕೊಂಡರು. ಆದರೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಕೇರಳಕ್ಕೆ ಸೇರಿದ್ದರಿಂದ ಅಲ್ಲಿನ ಲೈಬ್ರರಿ ಚಳವಳಿ ನಮಗೂ ಸಿಕ್ಕಿತು.

ಈ ಚಳವಳಿ ಶುರುವಾಗಿದ್ದು 1945ರಲ್ಲಿ, ಕೇರಳದ ದಕ್ಷಿಣ ಭಾಗದ ಅಂಬಲಪುಳದಲ್ಲಿ. ಪಿ.ಎನ್. ಪಣಿಕ್ಕರ್ 47 ಊರ ಲೈಬ್ರರಿಗಳನ್ನು ಒಟ್ಟು ಸೇರಿಸಿ ಒಂದು ಸಂಘ ಕಟ್ಟಿದರು. ಅವರು ತೀರಿಕೊಂಡ ಜೂನ್ 19 ಈಗ ನಮ್ಮ ಶಾಲೆಗಳಲ್ಲಿ ವಾಚನಾ ದಿನ. ಕರ್ನಾಟಕದಲ್ಲಿ ಸಾರ್ವಜನಿಕ ಲೈಬ್ರರಿ ಅಂದರೆ ಸರ್ಕಾರದ ಇಲಾಖೆಯದ್ದು, ಅಲ್ವಾ? ಇಲ್ಲಿ ಹಾಗಲ್ಲ. ಊರಿನವರೇ ಸೇರಿ ಜಾಗ ಹುಡುಕುತ್ತಾರೆ, ಕೋಣೆ ಕಟ್ಟುತ್ತಾರೆ, ಸಮಿತಿ ಮಾಡುತ್ತಾರೆ. ಆಮೇಲೆ ರಾಜ್ಯದ ಲೈಬ್ರರಿ ಕೌನ್ಸಿಲ್‌ಗೆ ಅರ್ಜಿ ಹಾಕುತ್ತಾರೆ. ಕೌನ್ಸಿಲ್ ಗ್ರೇಡ್ ಕೊಡುತ್ತದೆ, ಗ್ರೇಡ್ ನೋಡಿ ಗ್ರಾಂಟ್ ಕೊಡುತ್ತದೆ. ಸಮಿತಿಯಲ್ಲಿ ಮಾಷ್ಟ್ರುಗಳೂ ಇರುತ್ತಾರೆ, ಅಡಿಕೆ ತೋಟದವರೂ ಇರುತ್ತಾರೆ, ಜೀಪು ಓಡಿಸುವವರೂ ಇರುತ್ತಾರೆ. ಬೀಗದ ಕೈ ಊರವರದ್ದು. ಅದೇ ಅದರ ಬಲ ಅಂತ ನಾನು ನಂಬಿದ್ದೇನೆ.

ನಮ್ಮ ಲೈಬ್ರರಿ ಸಂಜೆ ಮಾತ್ರ ತೆರೆಯುತ್ತಿತ್ತು. ಲೈಬ್ರರಿ ನೋಡಿಕೊಳ್ಳುವ ಅಕ್ಕನಿಗೆ ಹಗಲು ಬೇರೆ ಕೆಲಸ. ಮುಂದಿನ ಕೋಣೆಯಲ್ಲಿ ಉದ್ದದ ಮೇಜು. ಅದರ ಮೇಲೆ ಉದಯವಾಣಿಯ ಪಕ್ಕದಲ್ಲೇ ಮಾತೃಭೂಮಿ. ಹಿಂದಿನ ಕೋಣೆಯಲ್ಲಿ ಕ್ಲಬ್‌ನವರ ಕೇರಂ ಬೋರ್ಡು. ಗೋಡೆಗೆ ಸಾಲಾಗಿ ಮಲಯಾಳ ಪುಸ್ತಕಗಳ ಕಪಾಟುಗಳು, ಮೂಲೆಯಲ್ಲಿ ಕನ್ನಡದ್ದು ಒಂದೇ. ಅದರಲ್ಲಿ ಮಕ್ಕಳಿಗೆ ಕೆಳಗಿನ ಎರಡು ಖಾನೆ. ಅಲ್ಲಿ ಹೆಚ್ಚಾಗಿದ್ದದ್ದು ರಾಷ್ಟ್ರೋತ್ಥಾನದವರ ಭಾರತ-ಭಾರತಿ ಪುಸ್ತಕಗಳು. ಒಂದೊಂದು ಪುಸ್ತಕ ಒಬ್ಬೊಬ್ಬರ ಕತೆ. ಅಂಗೈಯಗಲ ಇರುವುದರಿಂದ ಅಂಗಿಯ ಕಿಸೆಯಲ್ಲೇ ಹಿಡಿಸುತ್ತಿತ್ತು. ಜೂನ್ ಬಂತೆಂದರೆ ಅಕ್ಕ ಪ್ರತಿ ಪುಸ್ತಕವನ್ನೂ ಹಳೆಯ ಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದರು. ನಮ್ಮ ಮಳೆಗೆ ರಟ್ಟಿನ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ. ಪುಸ್ತಕವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಡದೆ ಒಬ್ಬ ಹುಡುಗನನ್ನೂ ಅವರು ಹೊರಗೆ ಬಿಡುತ್ತಿರಲಿಲ್ಲ.

ಇನ್ನು ಹಂಚಿಕೊಳ್ಳುವ ವಿಷಯ. ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

ನಮ್ಮ ಮನೆಮಾತು ತುಳು. ಶಾಲೆ ಕನ್ನಡ ಮಾಧ್ಯಮ. ಅಂಗಡಿ, ಬಸ್ಸು, ಆಸ್ಪತ್ರೆಯಲ್ಲಿ ಮಲಯಾಳ. ಪಕ್ಕದ ಮನೆಯವರು ಬ್ಯಾರಿ ಮಾತಾಡುವವರು, ಅದರಾಚೆ ಹವ್ಯಕರು, ಇನ್ನೂ ಆಚೆ ಮರಾಠಿ ಮನೆಗಳು. ಹಾಗಾಗಿ ಓದಿದ ಪುಸ್ತಕವನ್ನು ಗೆಳೆಯನ ಕೈಗೆ ಕೊಟ್ಟರಷ್ಟೇ ಸಾಲದು. ಅವನ ಭಾಷೆಯಲ್ಲಿ ಹೇಳಬೇಕು. ಕನ್ನಡದಲ್ಲಿ ಓದಿದ ಕತೆಯನ್ನು ನಾವು ತೋಡಿನ ಬದಿಯಲ್ಲಿ ಕೂತು ತುಳುವಿನಲ್ಲಿ ಹೇಳುತ್ತಿದ್ದೆವು. ಕೇಳುವವರಲ್ಲಿ ಮಲಯಾಳ ಡಿವಿಜನ್‌ನ ಹುಡುಗ ಇದ್ದರೆ ಅವನಿಗಾಗಿ ನಡುನಡುವೆ ಮಲಯಾಳ. ಒಂದೇ ಶಾಲೆಯಲ್ಲಿ ಕನ್ನಡ, ಮಲಯಾಳ ಎರಡೂ ಡಿವಿಜನ್ ಇರುವುದು ನಮ್ಮಲ್ಲಿ ಮಾಮೂಲು.

ಮಕ್ಕಳ ಪತ್ರಿಕೆ ಬಾಲಮಂಗಳ ಬಂದ ದಿನವಂತೂ ಹಬ್ಬ. ಅದರಲ್ಲಿ ಬರುವ ಇಲಿ ಡಿಂಗನನ್ನು ನೀವೂ ಓದಿರಬಹುದು. ಆ ಇಲಿ ಕೇರಳದಿಂದ ಬಂದದ್ದು, ಕೋಟ್ಟಯಂನ ಪ್ರಕಾಶನದ್ದು. ಮಲಯಾಳದಲ್ಲಿ ಅವನು ಡಿಂಕನ್. ನಮ್ಮ ಕೈಯಲ್ಲಿ ಕನ್ನಡದ್ದು, ಗೆಳೆಯನ ಕೈಯಲ್ಲಿ ಮಲಯಾಳದ್ದು. ಚಿತ್ರ ನೋಡಿದರೆ ಏನು ನಡೆಯುತ್ತಿದೆ ಅಂತ ಗೊತ್ತಾಗುತ್ತಿತ್ತು. ಹಾಗೇ ಮಾತಿನ ಗುಳ್ಳೆಯೊಳಗಿನ ಅಕ್ಷರವನ್ನೂ ಒಂದೊಂದಾಗಿ ಗುರುತು ಹಿಡಿದೆವು. ಉಳಿದ ಅಕ್ಷರಗಳನ್ನು ಬಸ್ಸಿನ ಬೋರ್ಡು ಕಲಿಸಿತು. ನನಗೆ ಮಲಯಾಳ ಓದಲು ಕಲಿಸಿದ್ದು ಈ ಎರಡೇ. ಗೆಳೆಯನೂ ಕನ್ನಡ ಅಕ್ಷರ ಕಲಿತದ್ದು ಹೀಗೆಯೇ.

ಅತಿ ಗಟ್ಟಿ ಕೇಳುಗರು ಅಂದರೆ ಅಜ್ಜಿ. ಅವರಿಗೆ ಓದು ಬರಹ ಇರಲಿಲ್ಲ. ಆದರೆ ರಾತ್ರಿಯಿಡೀ ಕೂತು ಯಕ್ಷಗಾನದ ಆಟ ನೋಡಿದವರು. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬ ಕುಂಬಳೆಯವನು, ಅಂದರೆ ನಮ್ಮ ಊರವನೇ ಅಂತ ಅವರ ಲೆಕ್ಕ. ಲೈಬ್ರರಿಯಿಂದ ತಂದ ಮಕ್ಕಳ ರಾಮಾಯಣವನ್ನು ತುಳುವಿನಲ್ಲಿ ಹೇಳಲು ಹೊರಟರೆ, ವಾಲಿ ಸುಗ್ರೀವರ ಜಗಳಕ್ಕೆ ಬರುವಷ್ಟರಲ್ಲಿ ಅಜ್ಜಿಯೇ ಮಾತು ಎತ್ತಿಕೊಳ್ಳುತ್ತಿದ್ದರು. ವಾಲಿ ಸಾಯುವಾಗ ರಾಮನಿಗೆ ಏನೆಲ್ಲ ಕೇಳಿದ ಅಂತ ಪದ ಹಾಡಿ, ಅರ್ಥವನ್ನೂ ಹೇಳುತ್ತಿದ್ದರು. ಪುಸ್ತಕದಲ್ಲಿ ಅದು ನಾಲ್ಕೇ ಸಾಲು. ಮರುದಿನ ಶಾಲೆಯಲ್ಲಿ ನಾನು ಹೇಳಿದ್ದು ಅಜ್ಜಿಯ ವಾಲಿಯನ್ನು. ಪುಸ್ತಕ ಓದಿದ್ದ ಹುಡುಗರು "ಇದು ಅದರಲ್ಲಿ ಇಲ್ವಲ್ಲ" ಅಂತ ಮತ್ತೆ ಲೈಬ್ರರಿಗೆ ಹೋಗಿ ತಿರುವಿ ಹಾಕಿದ್ದರು.

ಈಗ ಪರಿಸ್ಥಿತಿ ಹೇಗಿದೆ ಅಂತಲೂ ಕೇಳಿದ್ದೀರಿ. ಕೌನ್ಸಿಲ್‌ನ ಪುಸ್ತಕೋತ್ಸವದಲ್ಲಿ ಲೈಬ್ರರಿಗಳು ಗ್ರಾಂಟಿನ ಹಣಕ್ಕೆ ಪುಸ್ತಕ ಕೊಳ್ಳುತ್ತವೆ. ಅಲ್ಲಿ ಹೆಚ್ಚಿನ ಮಳಿಗೆ ಮಲಯಾಳದವು. ಕನ್ನಡದ ಹೊಸ ಮಕ್ಕಳ ಪುಸ್ತಕ ಬೇಕಿದ್ದರೆ ಯಾರಾದರೂ ಮಂಗಳೂರಿಗೆ ಹೋಗಿ ತರಬೇಕು. ದಾನವಾಗಿ ಬರುವುದೂ ಇದೆ. ಆದರೆ ಗಂಟು ಬಿಚ್ಚಿದರೆ ಸ್ಮರಣ ಸಂಚಿಕೆ, ಅಭಿನಂದನ ಗ್ರಂಥಗಳೇ ಜಾಸ್ತಿ. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಎಂಟು ವರ್ಷದ ಮಗು ಅದನ್ನು ಮುಟ್ಟುವುದಿಲ್ಲ.

ನೀವು ಕಳಿಸುವುದಾದರೆ ದೊಡ್ಡ ಅಕ್ಷರದ, ಬಣ್ಣದ ಚಿತ್ರದ ಕತೆ ಪುಸ್ತಕ ಕಳಿಸಿ. ಹೈಸ್ಕೂಲಿನವರಿಗೆ ವಿಜ್ಞಾನ, ಪತ್ತೇದಾರಿ, ಪ್ರವಾಸ. ಒಂದೇ ಪುಸ್ತಕದ ಎರಡು ಮೂರು ಪ್ರತಿ ಇದ್ದರೆ ಇನ್ನೂ ಒಳ್ಳೆಯದು. ಇಬ್ಬರು ಒಟ್ಟಿಗೆ ಓದಿದರೆ ಮಾತು ಬೆಳೆಯುತ್ತದೆ. ಕಳಿಸುವ ಮೊದಲು ಯಾವುದಾದರೂ ಊರಿನ ಲೈಬ್ರರಿಗೆ ಫೋನು ಮಾಡಿ, ಏನು ಬೇಕು ಅಂತ ಕೇಳಿ. ಸಂಜೆ ಐದರ ಮೇಲೆ ಮಾಡಿ, ಆಗ ಯಾರಾದರೂ ಇರುತ್ತಾರೆ.